ಮನೆಯಲ್ಲೇ ಕಾರಿಗೆ ಹೊಳಪು: ಪಾಲಿಶಿಂಗ್ ಯಂತ್ರದ ಆಯ್ಕೆ ಕುರಿತು ಒಂದು ಸಂಶೋಧನಾ ಟಿಪ್ಪಣಿ

1. ಪ್ರಶ್ನೆ

ಕಾರಿನ ಮೈಮೇಲಿನ ಸಣ್ಣ ಗೀರುಗಳನ್ನು ಮನೆಯಲ್ಲೇ ತೆಗೆಯಬೇಕೆಂದು ಯಂತ್ರ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಎರಡು ಸಂಗತಿ ವಿಚಾರಿಸುತ್ತಾರೆ: ಎಷ್ಟು ವ್ಯಾಟ್, ಎಷ್ಟು ಬೆಲೆ. ಇವೆರಡಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಆ ಯಂತ್ರದ ಪ್ಯಾಡ್ ಬಣ್ಣದ ಮೇಲೆ ಯಾವ ರೀತಿ ಚಲಿಸುತ್ತದೆ? ಗೀರು ಹೋಗುವುದೂ ಬಣ್ಣ ಉಳಿಯುವುದೂ ಆ ಚಲನೆಯನ್ನೇ ಅವಲಂಬಿಸಿದೆ ಎಂಬುದು ಈ ಟಿಪ್ಪಣಿಯ ವಾದ. ದಿನವೂ ಹತ್ತಾರು ಗಾಡಿಗಳ ಮೇಲೆ ಕೈ ಪಳಗಿಸಿಕೊಂಡ ಕುಶಲಕರ್ಮಿಗಳನ್ನು ಇಲ್ಲಿ ಗಮನಕ್ಕೆ ತೆಗೆದುಕೊಂಡಿಲ್ಲ. ಸ್ವಂತ ಕಾರಿಗಾಗಿ ಅಪರೂಪಕ್ಕೊಮ್ಮೆ ಯಂತ್ರ ಹಿಡಿಯುವವರಿಗಾಗಿ ಇದನ್ನು ಬರೆದಿದೆ.

2. ಸವೆಯುವ ಪದರ

ಇಂದಿನ ಕಾರುಗಳ ಉಕ್ಕಿನ ತಗಡಿನ ಮೇಲೆ ತುಕ್ಕುನಿರೋಧಕ ಲೇಪ, ಪ್ರೈಮರ್, ಬಣ್ಣದ ಬೇಸ್ ಕೋಟ್, ಕೊನೆಗೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತವೆ. ಕಾರ್ಖಾನೆಯ ಬಣ್ಣದ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 35ರಿಂದ 50 ಮೈಕ್ರಾನ್. ನಾವು ಬರೆಯುವ ಸಾಮಾನ್ಯ ಕಾಗದದ ಹಾಳೆ ಸುಮಾರು 100 ಮೈಕ್ರಾನ್ ದಪ್ಪವಿರುತ್ತದೆ. ಅಂದರೆ ನಮ್ಮ ಕೆಲಸವೆಲ್ಲ ನಡೆಯುವುದು ಹೆಚ್ಚೆಂದರೆ ಹಾಳೆಯ ಅರ್ಧದಷ್ಟು ದಪ್ಪವಿರುವ ಪದರದ ಮೇಲೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ರಾಸಾಯನಿಕಗಳೂ ಇದೇ ಪದರದಲ್ಲಿವೆ. ಪಾಲಿಶ್ ಎಂದರೆ ಗೀರನ್ನು ಮುಚ್ಚುವುದಲ್ಲ. ಗೀರಿನ ತಳ ಸಿಗುವವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನು ಸವೆಸಿ ಸಮ ಮಾಡುವುದು. ಹೀಗೆ ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ಗೀರುಗಳ ಮೂಲವನ್ನೂ ನೋಡಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಬೆಳಿಗ್ಗೆ ಒಂದು ಬಕೆಟ್ ನೀರು, ಒಂದೇ ಬಟ್ಟೆ ಇಟ್ಟುಕೊಂಡು ಸಾಲು ಕಾರುಗಳನ್ನು ಒರೆಸುವ ರೂಢಿ ಎಲ್ಲರಿಗೂ ಗೊತ್ತು. ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಗಡಸುತನದ ಮೋಸ್ ಮಾಪನದಲ್ಲಿ ಬೆಣಚುಕಲ್ಲಿನ ಸ್ಥಾನ 7. ಕ್ಲಿಯರ್ ಕೋಟ್ ಅದಕ್ಕೆ ಎಣೆಯೇ ಅಲ್ಲ. ಒರೆಸಿದಷ್ಟೂ ಗೀರು ಬೀಳುತ್ತದೆ. ಬಿಸಿಲಲ್ಲಿ ನೋಡಿದರೆ ಆ ಗೀರುಗಳು ಸೂರ್ಯಬಿಂಬದ ಸುತ್ತ ವೃತ್ತಾಕಾರವಾಗಿ ಕಾಣುತ್ತವೆ. ವಾಸ್ತವದಲ್ಲಿ ಅವು ಎಲ್ಲ ದಿಕ್ಕಿಗೂ ಹರಡಿರುತ್ತವೆ. ಬೆಳಕಿಗೆ ಅಡ್ಡವಾಗಿರುವವು ಮಾತ್ರ ಮಿನುಗುವುದರಿಂದ ಸುತ್ತು ಸುತ್ತಾಗಿ ತೋರುತ್ತವೆ. ಒರೆಸುವ ಕ್ರಮ ಬದಲಾಗದೆ ಯಂತ್ರ ಕೊಂಡರೆ ಅದೇ ಗೀರುಗಳನ್ನು ಮತ್ತೆ ಮತ್ತೆ ತೆಗೆಯುತ್ತ ಕ್ಲಿಯರ್ ಕೋಟನ್ನೇ ಕಳೆದುಕೊಳ್ಳಬೇಕಾಗುತ್ತದೆ. ಬೋರ್‌ವೆಲ್ ನೀರಿನ ಬಿಳಿ ಕಲೆಗಳ ಸಂಗತಿ ಬೇರೆ. ಅವು ಹೆಚ್ಚಾಗಿ ಸುಣ್ಣದಂಶದ ಲವಣಗಳು. ಮೊದಲು ಅದಕ್ಕೆಂದೇ ಇರುವ ಸೌಮ್ಯ ಆಮ್ಲದ ದ್ರಾವಣದಿಂದ ಪ್ರಯತ್ನಿಸಬೇಕು. ಯಂತ್ರದ ಮಾತು ಆಮೇಲೆ.

3. ಮೂರು ಬಗೆಯ ಯಂತ್ರಗಳು

ರೋಟರಿ: ಪ್ಯಾಡ್ ಒಂದೇ ಅಕ್ಷದ ಸುತ್ತ ನೇರವಾಗಿ ಸುತ್ತುತ್ತದೆ. ವೇಗ ನಿಮಿಷಕ್ಕೆ ಸುಮಾರು 600ರಿಂದ 3000 ಸುತ್ತು. ನಮ್ಮ ಗ್ಯಾರೇಜುಗಳಲ್ಲಿ ‘ರಬ್ಬಿಂಗ್ ಪಾಲಿಶ್’ಗೆ ಬಳಸುವುದು ಬಹುತೇಕ ಇದನ್ನೇ.

ಡ್ಯುಯಲ್ ಆ್ಯಕ್ಷನ್ ಅಥವಾ ಡಿಎ: ಪ್ಯಾಡ್ ಅಂಟಿಸುವ ಬ್ಯಾಕಿಂಗ್ ಪ್ಲೇಟ್ ಮೋಟಾರಿನ ಅಕ್ಷದಿಂದ ಸ್ವಲ್ಪ ಸರಿದ ಬಿಂದುವಿನಲ್ಲಿ ಬೇರಿಂಗ್ ಮೇಲೆ ಕೂತಿರುತ್ತದೆ. ಪ್ಯಾಡ್ ಸಣ್ಣ ವೃತ್ತಗಳಲ್ಲಿ ವೇಗವಾಗಿ ಓಡಾಡುತ್ತ, ಜೊತೆಗೆ ತನ್ನಷ್ಟಕ್ಕೆ ನಿಧಾನವಾಗಿ ತಿರುಗುತ್ತದೆ. ಆ ಸಣ್ಣ ವೃತ್ತದ ವ್ಯಾಸಕ್ಕೆ ಥ್ರೋ ಎನ್ನುತ್ತಾರೆ. 8, 15, 21 ಮಿ.ಮೀ. ಥ್ರೋಗಳು ಹೆಚ್ಚು ಬಳಕೆಯಲ್ಲಿವೆ. ಇಟಲಿಯ ರೂಪೆಸ್ ಕಂಪನಿಯ ಬಿಗ್‌ಫುಟ್ ಸಾಲಿನ ಯಂತ್ರಗಳು 15 ಮತ್ತು 21 ಮಿ.ಮೀ. ಥ್ರೋವನ್ನು ಜನಪ್ರಿಯಗೊಳಿಸಿದವು.

ಗೇರ್ ಚಾಲಿತ ಡಿಎ: ಇಲ್ಲಿಯೂ ಎರಡು ಚಲನೆಗಳಿವೆ, ಆದರೆ ತಿರುಗುವಿಕೆಯನ್ನು ಗೇರ್ ಬಲವಂತವಾಗಿ ಮಾಡಿಸುತ್ತದೆ. ಜರ್ಮನಿಯ ಫ್ಲೆಕ್ಸ್ ಕಂಪನಿಯ 8 ಮಿ.ಮೀ. ಥ್ರೋದ 3401 ಇದಕ್ಕೆ ಪ್ರಸಿದ್ಧ ಉದಾಹರಣೆ.

4. ಒಂದು ಲೆಕ್ಕ

ಗಾಜಿನ ಹಲಗೆಗಳಿಗೆ ಮೆರುಗು ಕೊಡುವ ಯಂತ್ರಗಳನ್ನು ಕುರಿತು 1927ರಲ್ಲಿ ಎಫ್. ಡಬ್ಲ್ಯು. ಪ್ರೆಸ್ಟನ್ ಪ್ರಕಟಿಸಿದ ಸೂತ್ರ ಈಗಲೂ ಉಜ್ಜುವಿಕೆಯ ಅಧ್ಯಯನಗಳಿಗೆ ಬುನಾದಿ. ಸವೆತದ ದರ ಒತ್ತಡ ಮತ್ತು ಸಾಪೇಕ್ಷ ವೇಗಗಳ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಅದರ ಸಾರ. ಗಾಜಿಗೂ ಕಾರಿನ ಲೇಪಕ್ಕೂ ಗುಣದಲ್ಲಿ ಅಂತರವಿದೆ. ಆದಕಾರಣ ಈ ಸೂತ್ರದಿಂದ ಎಷ್ಟು ಮೈಕ್ರಾನ್ ಸವೆಯಿತೆಂದು ಹೇಳಲಾಗದು. ಯಂತ್ರಗಳನ್ನು ಪರಸ್ಪರ ಹೋಲಿಸಲು ಅದು ಸಾಕು.

150 ಮಿ.ಮೀ. ಪ್ಯಾಡ್ ಹಾಕಿದ ರೋಟರಿ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ ಎನ್ನೋಣ. ಪ್ಯಾಡ್‌ನ ಅಂಚಿನ ವೇಗ ಸೆಕೆಂಡಿಗೆ ಸುಮಾರು 11.8 ಮೀಟರ್. ಕೇಂದ್ರದಿಂದ 25 ಮಿ.ಮೀ. ದೂರದಲ್ಲಿ ಅದು 3.9 ಮೀಟರ್, ನಟ್ಟನಡುವೆ ಸೊನ್ನೆ. ಇನ್ನು 15 ಮಿ.ಮೀ. ಥ್ರೋದ ಡಿಎ ನಿಮಿಷಕ್ಕೆ 4000 ಆವರ್ತನ ಮಾಡಿದಾಗ ಪ್ರತಿ ಆವರ್ತನಕ್ಕೆ 47 ಮಿ.ಮೀ. ದಾರಿ, ಅಂದರೆ ಸೆಕೆಂಡಿಗೆ ಸುಮಾರು 3.1 ಮೀಟರ್ ವೇಗ. ಈ ವೇಗ ಪ್ಯಾಡ್‌ನ ನಡುವಿಗೂ ಅಂಚಿಗೂ ಒಂದೇ. ಇದಕ್ಕೆ ಪ್ಯಾಡ್‌ನ ನಿಧಾನ ತಿರುಗುವಿಕೆಯಿಂದ ಅಂಚಿನಲ್ಲಿ ಸ್ವಲ್ಪ ಸೇರುತ್ತದೆ, ಅಷ್ಟೆ. ಅದೇ ಆವರ್ತನದಲ್ಲಿ 21 ಮಿ.ಮೀ. ಥ್ರೋ ಸೆಕೆಂಡಿಗೆ 4.4 ಮೀಟರ್ ಕೊಡುತ್ತದೆ. 8 ಮಿ.ಮೀ. ಥ್ರೋ 6000 ಆವರ್ತನ ಮಾಡಿದರೂ 2.5 ಮೀಟರಿಗೆ ನಿಲ್ಲುತ್ತದೆ.

ಇದರಿಂದ ಎರಡು ಸಂಗತಿ ತಿಳಿಯುತ್ತವೆ. ಒಂದು, ಒತ್ತಡ ಸಮನಾಗಿದ್ದಾಗ ರೋಟರಿಯ ಅಂಚು ಡಿಎಗಿಂತ ಸುಮಾರು ನಾಲ್ಕು ಪಟ್ಟು ಬೇಗ ಸವೆಸುತ್ತದೆ. ಘರ್ಷಣೆಯ ಶಾಖವೂ ಒತ್ತಡ ಮತ್ತು ವೇಗಗಳ ಗುಣಲಬ್ಧವನ್ನೇ ಅನುಸರಿಸುವುದರಿಂದ ಬಿಸಿಯೂ ಅದೇ ಜಾಗದಲ್ಲಿ ಏರುತ್ತದೆ. ಎರಡು, ಪಳಗದ ಕೈ ಯಂತ್ರವನ್ನು ಓರೆ ಹಿಡಿದರೆ ಭಾರವೆಲ್ಲ ಆ ವೇಗದ ಅಂಚಿನ ಮೇಲೇ ಬೀಳುತ್ತದೆ. ಸೂತ್ರದ ಎರಡೂ ಅಂಶಗಳು ಒಂದೇ ಬಿಂದುವಿನಲ್ಲಿ ಒಟ್ಟಿಗೆ ಹೆಚ್ಚುತ್ತವೆ. ಬಾನೆಟ್ಟಿನ ಮಡಿಕೆಗಳು, ಬಾಗಿಲಿನ ಅಂಚುಗಳು, ಪ್ಲಾಸ್ಟಿಕ್ ಬಂಪರ್ ಮೊದಲು ಹಾಳಾಗುವುದು ಇದರಿಂದಲೇ. ಮಡಿಕೆ, ಅಂಚುಗಳಲ್ಲಿ ಲೇಪ ತೆಳು. ಪ್ಲಾಸ್ಟಿಕ್ಕಿಗೆ ಉಕ್ಕಿನಂತೆ ಬಿಸಿಯನ್ನು ಹರಡುವ ಗುಣವಿಲ್ಲ. ರೋಟರಿ ಬಿಟ್ಟುಹೋಗುವ, ಬಿಸಿಲಲ್ಲಿ ಅಲೆಯಂತೆ ಹೊರಳುವ ಹಾಲೊಗ್ರಾಮ್ ಗುರುತುಗಳೂ ಒಂದೇ ದಿಕ್ಕಿನ ಚಲನೆಯ ಫಲ. ಡಿಎಯ ಎರಡು ಚಲನೆಗಳು ಗುರುತುಗಳನ್ನು ಚದುರಿಸಿಬಿಡುತ್ತವೆ.

5. ಲೆಕ್ಕದಾಚೆಗಿನ ಸಂಗತಿಗಳು

ಡಿಎಗೆ ಒಂದು ಮಿತಿಯಿದೆ. ಹೆಚ್ಚು ಒತ್ತಿದರೆ ಅಥವಾ ಉಬ್ಬುತಗ್ಗಿನ ಮೇಲೆ ಹಿಡಿದರೆ ಪ್ಯಾಡ್ ತಿರುಗುವುದನ್ನು ನಿಲ್ಲಿಸಿ ಬರೀ ನಡುಗುತ್ತದೆ. ಮೆತ್ತನೆಯ ಫೋಮ್ ಆ ನಡುಕವನ್ನು ತನ್ನಲ್ಲೇ ನುಂಗಿಕೊಳ್ಳುವುದರಿಂದ ಕೆಲಸ ಸಾಗುವುದಿಲ್ಲ. ದಪ್ಪ ಪ್ಯಾಡ್ ಮತ್ತು ಸಣ್ಣ ಥ್ರೋ ಜೊತೆಯಾದರೆ ಈ ತೊಂದರೆ ಹೆಚ್ಚು. ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಟ್ಟರೆ ಪ್ಯಾಡ್ ತಿರುಗುತ್ತಿದೆಯೋ ಇಲ್ಲವೋ ಕಣ್ಣಿಗೇ ಗೊತ್ತಾಗುತ್ತದೆ. ಹೊಸಬರಿಗೆ ಈ ಮಿತಿಯೇ ರಕ್ಷಣೆ: ತಪ್ಪಾಗಿ ಒತ್ತಿದಾಗ ಯಂತ್ರ ಬಣ್ಣ ಕೊರೆಯುವ ಬದಲು ಕೆಲಸ ನಿಲ್ಲಿಸುತ್ತದೆ. ಗೇರ್ ಚಾಲಿತ ಯಂತ್ರಕ್ಕೆ ಈ ಮಿತಿಯಿಲ್ಲ, ಹಾಗಾಗಿ ಆ ರಕ್ಷಣೆಯೂ ಇಲ್ಲ. ಅದರ ಕಂಪನವೂ ಎಳೆತವೂ ಹೆಚ್ಚು.

ಲೆಕ್ಕದಲ್ಲಿ 21 ಮಿ.ಮೀ. ಥ್ರೋ ಮೇಲುಗೈ ಸಾಧಿಸಿದರೂ ಅದು ವಿಶಾಲವಾದ, ಚಪ್ಪಟೆಯಾದ ಫಲಕಗಳಿಗೆ ಹೇಳಿದ್ದು. ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿರುವ ಹ್ಯಾಚ್‌ಬ್ಯಾಕ್ ಮತ್ತು ಸಣ್ಣ ಎಸ್‌ಯುವಿಗಳಿಗೆ ಮಡಿಕೆ, ತಿರುವು, ಕಿರಿದಾದ ಪಟ್ಟಿಗಳೇ ಹೆಚ್ಚು. ಅಲ್ಲಿ ದೊಡ್ಡ ಥ್ರೋ ಕೈ ಮೀರುತ್ತದೆ. 125 ಮಿ.ಮೀ. ಪ್ಲೇಟಿನ 15 ಮಿ.ಮೀ. ಥ್ರೋ ಈ ಮೈಕಟ್ಟಿಗೆ ಹೊಂದುತ್ತದೆ. ಕನ್ನಡಿಯ ಹಿಂಬದಿ, ಕಿಟಕಿಗಳ ನಡುವಿನ ಕಂಬಗಳಿಗೆ 75 ಮಿ.ಮೀ. ಪ್ಯಾಡ್ ಬೇಕು. ಸಣ್ಣ ಯಂತ್ರ ಇಲ್ಲದಿದ್ದರೆ ಆ ಜಾಗಗಳನ್ನು ಕೈಯಿಂದ ಮಾಡುವುದೇ ಕ್ಷೇಮ.

6. ಕೊಳ್ಳುವಾಗ ಪರೀಕ್ಷಿಸಬೇಕಾದವು

ವ್ಯಾಟ್ ಎಂಬುದು ಯಂತ್ರ ಎಳೆಯುವ ವಿದ್ಯುತ್ತಿನ ಅಳತೆ, ಕೆಲಸದ ಅಳತೆಯಲ್ಲ. ಸುಮಾರು 500 ವ್ಯಾಟ್‌ನ ಒಳ್ಳೆಯ ಡಿಎ ಮನೆಯ ಕೆಲಸಕ್ಕೆ ಸಾಕು. ಭಾರ ಬಿದ್ದಾಗಲೂ ವೇಗ ಕಾಯ್ದುಕೊಳ್ಳುವ ಎಲೆಕ್ಟ್ರಾನಿಕ್ ನಿಯಂತ್ರಣ, ಮೆಲ್ಲಗೆ ಆರಂಭವಾಗುವ ಸಾಫ್ಟ್ ಸ್ಟಾರ್ಟ್, ಕೈಗೆ ಹಿತವಾದ ತೂಕ, ಊರಿನಲ್ಲೇ ಸಿಗುವ ಕಾರ್ಬನ್ ಬ್ರಶ್ ಮತ್ತು ಪ್ಲೇಟುಗಳು ವ್ಯಾಟಿಗಿಂತ ಮುಖ್ಯ.

ಅಮೆರಿಕದಲ್ಲಿರುವ ನೆಂಟರ ಕೈಯಲ್ಲಿ ಯಂತ್ರ ತರಿಸುವವರು ವೋಲ್ಟೇಜ್ ನೋಡಲೇಬೇಕು. ಅಲ್ಲಿಯದು 120 ವೋಲ್ಟ್, ನಮ್ಮದು 230. ನೇರವಾಗಿ ಸಿಕ್ಕಿಸಿದರೆ ಮೋಟಾರು ಸುಟ್ಟುಹೋಗುತ್ತದೆ. ಆ್ಯಂಗಲ್ ಗ್ರೈಂಡರಿಗೆ ಫೋಮ್ ಪ್ಯಾಡ್ ಸಿಕ್ಕಿಸುವ ಅಗ್ಗದ ಉಪಾಯವಂತೂ ಬೇಡವೇ ಬೇಡ. ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, 100 ಮಿ.ಮೀ. ಪ್ಯಾಡ್‌ನ ಅಂಚು ಕೂಡ ಸೆಕೆಂಡಿಗೆ 57 ಮೀಟರ್ ದಾಟುತ್ತದೆ. ಬಣ್ಣಕ್ಕೂ ಅಪಾಯ, ಹಿಡಿದವರ ಮುಖಕ್ಕೂ ಅಪಾಯ. ದೊಡ್ಡ ಟೋಪಿಯಂಥ ಬಟ್ಟೆ ತೊಡಿಸಿದ ಅಗ್ಗದ ವ್ಯಾಕ್ಸಿಂಗ್ ಯಂತ್ರಗಳು ವ್ಯಾಕ್ಸ್ ಹರಡಲು ಮಾತ್ರ. ಅವುಗಳಿಂದ ಗೀರು ಹೋಗದು.

ಬಜೆಟ್ಟಿನಲ್ಲಿ ದುಡ್ಡು ಉಳಿದರೆ ಇನ್ನೂ ದೊಡ್ಡ ಯಂತ್ರಕ್ಕೆ ಹಾಕುವ ಬದಲು ಲೇಪದ ದಪ್ಪ ಅಳೆಯುವ ಗೇಜ್ ಕೊಳ್ಳುವುದು ಮೇಲು. ಸಾಮಾನ್ಯ ಗೇಜ್ ಒಟ್ಟು ದಪ್ಪವನ್ನಷ್ಟೇ ತೋರಿಸುತ್ತದೆ, ಕ್ಲಿಯರ್ ಕೋಟನ್ನು ಬೇರೆಯಾಗಿ ಅಳೆಯುವುದಿಲ್ಲ. ಪ್ಲಾಸ್ಟಿಕ್ ಮೇಲೆ ಕೆಲಸವನ್ನೇ ಮಾಡದು. ಆದರೂ ಯಾವ ಫಲಕಕ್ಕೆ ಮತ್ತೆ ಬಣ್ಣ ಹೊಡೆದಿದೆ, ಯಾವುದು ಈಗಾಗಲೇ ತೆಳುವಾಗಿದೆ ಎಂಬುದನ್ನು ಅಂದಾಜಿಸಲು ಅದರಷ್ಟು ನೆರವಾಗುವ ಉಪಕರಣ ಇನ್ನೊಂದಿಲ್ಲ.

7. ತೀರ್ಮಾನ

ಮನೆಯಲ್ಲಿ ಮೊದಲ ಬಾರಿ ಯಂತ್ರ ಹಿಡಿಯುವವರು 230 ವೋಲ್ಟಿನ, 15 ಮಿ.ಮೀ. ಥ್ರೋದ, ಗೇರ್ ಇಲ್ಲದ ಡಿಎಯನ್ನು ಆರಿಸಿಕೊಳ್ಳುವುದು ಸರಿಯಾದ ನಿರ್ಧಾರ. 8 ಮಿ.ಮೀ. ಯಂತ್ರ ಅಗ್ಗಕ್ಕೆ ಸಿಕ್ಕರೆ ತೆಳು ಪ್ಯಾಡ್ ಹಾಕಿ ತಾಳ್ಮೆಯಿಂದ ಬಳಸಬಹುದು. ರೋಟರಿಯನ್ನು ಗುಜರಿಯಿಂದ ತಂದ ಹಳೆಯ ಬಾನೆಟ್ ಮೇಲೆ ಕೈ ಪಳಗಿಸಿಕೊಂಡ ನಂತರವಷ್ಟೇ ಸ್ವಂತ ಕಾರಿಗೆ ಮುಟ್ಟಿಸಬೇಕು. ಕಾರನ್ನು ಚೆನ್ನಾಗಿ ತೊಳೆದು, ನೆರಳಲ್ಲಿ ನಿಲ್ಲಿಸಿ, ಮೊಳದಗಲದ ಒಂದು ಚೌಕದಲ್ಲಿ ಅತಿ ಮೃದುವಾದ ಪಾಲಿಶ್ ಮತ್ತು ಪ್ಯಾಡ್‌ನಿಂದ ಪರೀಕ್ಷೆ ಆರಂಭಿಸಿ. ಅದು ಸಾಲದಿದ್ದರೆ ಮಾತ್ರ ಕಾಂಪೌಂಡ್ ಎನ್ನುವ ಹೆಚ್ಚು ಒರಟಾದ ಉಜ್ಜುಲೇಪಕ್ಕೆ ಹೋಗಿ. ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಪೂರ್ತಿ ತೆಗೆಯುವ ಹಟ ಬೇಡ. ಮ್ಯಾಟ್ ಬಣ್ಣದ ಕಾರಿಗೆ ಯಾವ ಪಾಲಿಶಿಂಗ್ ಯಂತ್ರವನ್ನೂ ಮುಟ್ಟಿಸಬೇಡಿ.