ಹೊತ್ತು ಗೊತ್ತುಮಾಡುವವರು ಯಾರು? – ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೋಗಳು ಕಂಡ ಪ್ರಸಾರದ ಚರಿತ್ರೆ



ಸಂಘದ ಕಾರ್ಯಕ್ರಮವೊಂದರ ವಿಡಿಯೋವನ್ನು ಅಂತರಜಾಲಕ್ಕೆ ಏರಿಸುವ ಸ್ವಯಂಸೇವಕರು ಇಂದು ಎರಡು ಕೆಲಸಗಳನ್ನು ತಪ್ಪದೆ ಮಾಡುತ್ತಾರೆ. ಅದು ಯಾವ ದಿನ, ಎಷ್ಟು ಗಂಟೆಗೆ ತೆರೆದುಕೊಳ್ಳಬೇಕೆಂಬುದನ್ನು ಮುಂಚಿತವಾಗಿ ಗೊತ್ತುಮಾಡುವುದು ಒಂದು. ಹಾಗೆ ತೆರೆದುಕೊಳ್ಳುವ ಮೊದಲು ನಾಲ್ಕಾರು ಮಂದಿಗೆ ತೋರಿಸಿ ಅಭಿಪ್ರಾಯ ಕೇಳುವುದು ಇನ್ನೊಂದು. ವೇಳಾನಿಗದಿ ಮತ್ತು ಮುನ್ನೋಟವೆಂಬ ಈ ಎರಡು ಕೆಲಸಗಳು ಒಂದು ಗುಂಡಿ ಒತ್ತುವಷ್ಟು ಸುಲಭವಾಗಿರುವುದರಿಂದ ಅವುಗಳ ಹಿಂದೆ ಚರಿತ್ರೆಯೊಂದಿದೆಯೆಂಬುದು ನಮಗೆ ತೋರುವುದಿಲ್ಲ. ಆ ಚರಿತ್ರೆಯ ಬಹುಭಾಗ ನಡೆದಿರುವುದು ನಾವು ವಾಸಿಸುವ ಸೀಮೆಯಲ್ಲಿಯೇ, ಐದನೆಯ ಹೆದ್ದಾರಿಯ ಎರಡು ತುದಿಗಳಂತಿರುವ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೋ ನಗರಗಳಲ್ಲಿ. ಅದನ್ನು ಸ್ಥೂಲವಾಗಿ ನೆನೆದು, ನಮ್ಮ ಕುಟುಂಬಗಳಿಗೆ ಅದರಿಂದ ಬರುವ ಹೊಣೆಯೇನೆಂದು ವಿಚಾರಿಸುವುದು ಈ ಲೇಖನದ ಉದ್ದೇಶ.

ಮುನ್ನೋಟದ ಮೂಲ

ಹಾಲಿವುಡ್ಡಿನ ನಿರ್ಮಾಪಕರು ತಮ್ಮ ಚಿತ್ರಗಳನ್ನು ಬಿಡುಗಡೆಗೆ ಮೊದಲು ನಗರದ ಹೊರವಲಯದ ಸಾಮಾನ್ಯ ಪ್ರೇಕ್ಷಕರಿಗೆ ತೋರಿಸಿ ಪರೀಕ್ಷಿಸುವ ಪದ್ಧತಿಯನ್ನು ಮೂಕಿಚಿತ್ರಗಳ ಕಾಲದಲ್ಲಿಯೇ ರೂಢಿಸಿಕೊಂಡಿದ್ದರು. ಅದರ ಪ್ರಸಿದ್ಧ ಉದಾಹರಣೆ 1939ರ ಸೆಪ್ಟೆಂಬರ್ 9ರದು. ಅಂದು ರಿವರ್‌ಸೈಡ್ ಪಟ್ಟಣದ ಫಾಕ್ಸ್ ಚಿತ್ರಮಂದಿರದಲ್ಲಿ ನೆರೆದಿದ್ದ ಪ್ರೇಕ್ಷಕರಿಗೆ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಮುಂಚಿತವಾಗಿ ಹೆಸರು ತಿಳಿಸದೆ ‘ಗಾನ್ ವಿತ್ ದ ವಿಂಡ್’ ಚಿತ್ರವನ್ನು ತೋರಿಸಿದರು. ಅಟ್ಲಾಂಟಾ ನಗರದಲ್ಲಿ ಅದರ ವೈಭವದ ಪ್ರಥಮ ಪ್ರದರ್ಶನವಾದದ್ದು ಡಿಸೆಂಬರ್ 15ರಂದು. ಅಂದರೆ ಜಗತ್ತಿಗಿಂತ ಮೂರು ತಿಂಗಳು ಮೊದಲೇ ರಿವರ್‌ಸೈಡಿನ ಜನ ಆ ಚಿತ್ರದ ಪರೀಕ್ಷಕರಾಗಿದ್ದರು.

ದೂರದರ್ಶನದ ಕಾಲದಲ್ಲಿ ಈ ಪದ್ಧತಿ ಇನ್ನಷ್ಟು ಶಾಸ್ತ್ರೀಯವಾಯಿತು. 1960ರ ದಶಕದಲ್ಲಿ ಲಾಸ್ ಏಂಜಲೀಸಿನ ಸನ್‌ಸೆಟ್ ಬುಲೆವಾರ್ಡಿನಲ್ಲಿದ್ದ ಪ್ರಿವ್ಯೂ ಹೌಸ್ ಎಂಬ ಸಭಾಂಗಣದಲ್ಲಿ ಪ್ರತಿಯೊಬ್ಬ ಪ್ರೇಕ್ಷಕನ ಕೈಗೂ ತಿರುಗಿಸುವ ಗುಂಡಿಯೊಂದನ್ನು ಕೊಟ್ಟು, ಹೊಸ ಧಾರಾವಾಹಿಗಳ ಮಾದರಿ ಕಂತುಗಳನ್ನು ತೋರಿಸುತ್ತಿದ್ದರು. ಮೆಚ್ಚಿದಾಗ ಒಂದು ಕಡೆ, ಬೇಸರವಾದಾಗ ಇನ್ನೊಂದು ಕಡೆ ಗುಂಡಿ ತಿರುಗುತ್ತಿತ್ತು. ಮೊದಲಿಗೆ ಎಲ್ಲ ಗುಂಪುಗಳಿಗೂ ಮಿಸ್ಟರ್ ಮಗೂ ಎಂಬ ಪಾತ್ರದ ವ್ಯಂಗ್ಯಚಿತ್ರವನ್ನು ತೋರಿಸಿ, ಆ ದಿನದ ಸಭಿಕರು ಸಹಜವಾಗಿ ಎಷ್ಟು ನಗುವವರೆಂದು ಅಳೆಯುತ್ತಿದ್ದರಂತೆ. ಔಷಧಿ ಕೊಡುವ ಮೊದಲು ರೋಗಿಯ ಮೂಲಸ್ಥಿತಿಯನ್ನು ಬರೆದಿಟ್ಟುಕೊಳ್ಳಬೇಕೆಂದು ಎಂ.ಬಿ.ಬಿ.ಎಸ್. ತರಗತಿಗಳಲ್ಲಿ ಕಲಿತ ನಮಗೆ ಈ ಎಚ್ಚರ ಬಹಳ ಹಿಡಿಸುತ್ತದೆ. ಹೋಲಿಸಿ ನೋಡಲು ಒಂದು ಆಧಾರವಿಲ್ಲದಿದ್ದರೆ ಯಾವ ಅಭಿಪ್ರಾಯಕ್ಕೂ ತೂಕವಿರುವುದಿಲ್ಲ.

ಮೂರು ಗಂಟೆಗಳ ಅಂತರ

ವೇಳೆಯ ಪ್ರಶ್ನೆ ಹುಟ್ಟಿದ್ದು ಭೂಗೋಳದಿಂದ. ಮಿಸಿಸಿಪ್ಪಿ ನದಿಯ ಪಶ್ಚಿಮದ ಮೊದಲ ವಾಣಿಜ್ಯ ದೂರದರ್ಶನ ಕೇಂದ್ರವಾದ ಕೆ.ಟಿ.ಎಲ್.ಎ. 1947ರ ಜನವರಿ 22ರಂದು ಲಾಸ್ ಏಂಜಲೀಸಿನಲ್ಲಿ ಆರಂಭವಾಯಿತು. ಸ್ಯಾನ್ ಡಿಯೇಗೋ ನಗರದ ಮೊದಲ ಕೇಂದ್ರವಾದ ಕೆ.ಎಫ್.ಎಂ.ಬಿ. 1949ರ ಮೇ ತಿಂಗಳಿನಲ್ಲಿ ಬಂತು. ನ್ಯೂಯಾರ್ಕಿನಲ್ಲಿ ಸಂಜೆ ಏಳೂವರೆಗೆ ವಾರ್ತೆ ಓದುವಾಗ ಇಲ್ಲಿ ಇನ್ನೂ ನಾಲ್ಕೂವರೆ. ಜನ ಕೆಲಸದಿಂದ ಮನೆಗೆ ಬಂದಿರುತ್ತಿರಲಿಲ್ಲ. ಆದುದರಿಂದ ದೂರದರ್ಶನದ ಪರದೆಯನ್ನೇ ಫಿಲ್ಮಿನಲ್ಲಿ ಚಿತ್ರಿಸಿ, ಅವಸರವಾಗಿ ತೊಳೆದು, ಮೂರು ಗಂಟೆಗಳ ನಂತರ ಇಲ್ಲಿ ಪ್ರಸಾರಮಾಡುತ್ತಿದ್ದರು. ಚಿತ್ರ ಮಸುಕಾಗಿರುತ್ತಿತ್ತು, ಖರ್ಚೂ ಹೆಚ್ಚಾಗುತ್ತಿತ್ತು.

1956ರ ನವೆಂಬರ್ 30ರಂದು ಲಾಸ್ ಏಂಜಲೀಸಿನ ಸಿ.ಬಿ.ಎಸ್. ಟೆಲಿವಿಷನ್ ಸಿಟಿಯಲ್ಲಿ ಈ ತೊಡಕು ಬಿಡಿಸಿತು. ನ್ಯೂಯಾರ್ಕಿನಿಂದ ಬರುತ್ತಿದ್ದ ಡಗ್ಲಸ್ ಎಡ್ವರ್ಡ್ಸ್ ಅವರ ವಾರ್ತೆಯನ್ನು ಆಂಪೆಕ್ಸ್ ಸಂಸ್ಥೆಯ ಕಾಂತಪಟ್ಟಿಯ ಯಂತ್ರದಲ್ಲಿ ದಾಖಲಿಸಿ, ಪಶ್ಚಿಮ ಕರಾವಳಿಗೆ ಮೂರು ಗಂಟೆ ತಡವಾಗಿ ಪ್ರಸಾರಮಾಡಲಾಯಿತು. ವಿಡಿಯೋ ಟೇಪನ್ನು ಪ್ರಸಾರಕ್ಕೆ ಬಳಸಿದ್ದು ಅದೇ ಮೊದಲು. ಒಂದು ಊರಿನ ಸಂಜೆಯನ್ನು ಕೂಡಿಟ್ಟು ಇನ್ನೊಂದು ಊರಿನ ಸಂಜೆಗೆ ಕೊಡುವ ಆ ಉಪಾಯವೇ ಇಂದಿನ ವೇಳಾನಿಗದಿಯ ಪೂರ್ವಜ.

ಎರಡು ನಗರಗಳು, ಎರಡು ತೀರ್ಪುಗಳು

ಹೊತ್ತನ್ನು ಗೊತ್ತುಮಾಡುವ ಅಧಿಕಾರ ಯಾರದೆಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 1960ರ ದಶಕದಲ್ಲಿ ಸ್ಯಾನ್ ಡಿಯೇಗೋ ಪ್ರದೇಶದ ಕೇಬಲ್ ಸಂಸ್ಥೆಗಳು ಲಾಸ್ ಏಂಜಲೀಸಿನ ಕೇಂದ್ರಗಳ ಪ್ರಸಾರವನ್ನು ತಂತಿಯ ಮೂಲಕ ಮನೆಗಳಿಗೆ ಒದಗಿಸುತ್ತಿದ್ದವು. ಇದರಿಂದ ಸ್ಥಳೀಯ ಕೇಂದ್ರಗಳ ಪ್ರೇಕ್ಷಕರು ಹಂಚಿಹೋಗುತ್ತಾರೆಂದು ಕೆ.ಎಫ್.ಎಂ.ಬಿ. ಕೇಂದ್ರದ ಒಡೆಯರಾದ ಮಿಡ್‌ವೆಸ್ಟ್ ಟೆಲಿವಿಷನ್ ಸಂಸ್ಥೆಯವರು ಒಕ್ಕೂಟದ ಸಂಪರ್ಕ ಆಯೋಗಕ್ಕೆ ದೂರಿತ್ತರು. ಆಯೋಗವು ಆ ಸೇವೆಯ ವಿಸ್ತರಣೆಗೆ ಮಿತಿ ಹಾಕಿತು. ಹಾಗೆ ಮಿತಿಹಾಕುವ ಅಧಿಕಾರ ಆಯೋಗಕ್ಕಿದೆಯೆಂದು 1968ರ ಜೂನ್ 10ರಂದು ಸರ್ವೋಚ್ಚ ನ್ಯಾಯಾಲಯವು ಸೌತ್‌ವೆಸ್ಟರ್ನ್ ಕೇಬಲ್ ಪ್ರಕರಣದಲ್ಲಿ ತೀರ್ಪಿತ್ತಿತು. ನೂರಿಪ್ಪತ್ತು ಮೈಲಿ ದೂರದ ನೆರೆಯೂರಿನ ಕಾರ್ಯಕ್ರಮವನ್ನು ನೋಡಬಹುದೇ ಎಂಬುದನ್ನು ಪ್ರೇಕ್ಷಕನಲ್ಲ, ಸರಕಾರ ನಿರ್ಧರಿಸಬಹುದಾಗಿತ್ತು.

ಎರಡನೆಯ ತೀರ್ಪು ಪ್ರೇಕ್ಷಕನ ಪರವಾಗಿ ಬಂತು. 1972ರಲ್ಲಿ ಸೋನಿ ಸಂಸ್ಥೆ ಸ್ಯಾನ್ ಡಿಯೇಗೋ ನಗರದಲ್ಲಿ ಟೆಲಿವಿಷನ್ ಕಾರ್ಖಾನೆಯನ್ನು ತೆರೆದಿತ್ತು. 1975ರಲ್ಲಿ ಅದರ ಬೀಟಾಮ್ಯಾಕ್ಸ್ ಯಂತ್ರ ಅಮೆರಿಕದ ಮನೆಗಳಿಗೆ ಬಂತು. ಪ್ರಸಾರವಾಗುವ ಕಾರ್ಯಕ್ರಮವನ್ನು ದಾಖಲಿಸಿ ಬೇಕಾದಾಗ ನೋಡಲು ಅದರಿಂದ ಸಾಧ್ಯವಾಯಿತು. ಯೂನಿವರ್ಸಲ್ ಮತ್ತು ಡಿಸ್ನಿ ಸಂಸ್ಥೆಗಳು 1976ರಲ್ಲಿ ಲಾಸ್ ಏಂಜಲೀಸಿನ ಒಕ್ಕೂಟ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದವು. 1979ರಲ್ಲಿ ಸೋನಿ ಗೆದ್ದಿತು, 1981ರಲ್ಲಿ ಮೇಲ್ಮನವಿಯಲ್ಲಿ ಸೋತಿತು; ಕೊನೆಗೆ 1984ರ ಜನವರಿ 17ರಂದು ಸರ್ವೋಚ್ಚ ನ್ಯಾಯಾಲಯವು ಐದು–ನಾಲ್ಕರ ಬಹುಮತದಿಂದ, ಮನೆಯವರು ತಮ್ಮ ಅನುಕೂಲದ ಹೊತ್ತಿಗೆ ನೋಡಲೆಂದು ದಾಖಲಿಸಿಕೊಳ್ಳುವುದು ಕಾನೂನುಬಾಹಿರವಲ್ಲವೆಂದು ಸಾರಿತು. ಮಕ್ಕಳ ಕಾರ್ಯಕ್ರಮಗಳ ಫ್ರೆಡ್ ರಾಜರ್ಸ್ ಅವರು ವಿಚಾರಣೆಯಲ್ಲಿ ನುಡಿದಿದ್ದ ಸಾಕ್ಷ್ಯವನ್ನು ತೀರ್ಪು ನೆನೆಯಿತು. ಕುಟುಂಬವು ತನಗೆ ಹೊಂದುವ ಹೊತ್ತಿನಲ್ಲಿ ಕೂಡಿ ನೋಡುವುದಾದರೆ ಅದು ಒಳ್ಳೆಯದೇ ಎಂಬುದು ಆ ಸಾಕ್ಷ್ಯದ ಸಾರ.

ತಂತಿಯಿಂದ ಅಂತರಜಾಲಕ್ಕೆ

ಅಂತರಜಾಲದಲ್ಲಿ ವಿಡಿಯೋ ಹರಿಯಬೇಕಾದರೆ ಮೊದಲು ಅದು ಕುಗ್ಗಬೇಕಾಗಿತ್ತು. 1990ರ ಜೂನ್ ತಿಂಗಳಿನಲ್ಲಿ ಸ್ಯಾನ್ ಡಿಯೇಗೋದಲ್ಲಿದ್ದ ಜನರಲ್ ಇನ್‌ಸ್ಟ್ರುಮೆಂಟ್ ಸಂಸ್ಥೆಯ ವಿಡಿಯೋಸೈಫರ್ ವಿಭಾಗವು ಸಂಪೂರ್ಣ ಡಿಜಿಟಲ್ ಆದ, ಉನ್ನತ ಸ್ಪಷ್ಟತೆಯ ದೂರದರ್ಶನದ ವಿಧಾನವನ್ನು ಮುಂದಿಟ್ಟು ಪ್ರಪಂಚವನ್ನು ಬೆರಗುಗೊಳಿಸಿತು. ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಬದಲಾಗದ ಭಾಗವನ್ನು ಮತ್ತೆ ಮತ್ತೆ ಕಳುಹಿಸದೆ, ಬದಲಾದುದನ್ನು ಮಾತ್ರ ಕಳುಹಿಸುವುದು ಅದರ ಮೂಲತತ್ತ್ವ. 2000ದಲ್ಲಿ ಅದೇ ನಗರದಲ್ಲಿ ಹುಟ್ಟಿದ ಡಿವ್‌ಎಕ್ಸ್ ಸಂಸ್ಥೆಯ ತಂತ್ರವು ಇಡೀ ಚಲನಚಿತ್ರವನ್ನು ಒಂದು ಸಿ.ಡಿ.ಯಷ್ಟು ಜಾಗಕ್ಕೆ ಇಳಿಸಿತು.

2005ರ ಏಪ್ರಿಲ್ 23ರಂದು ಯೂಟ್ಯೂಬಿಗೆ ಏರಿದ ಮೊಟ್ಟಮೊದಲ ವಿಡಿಯೋ ಚಿತ್ರಿತವಾದದ್ದು ಸ್ಯಾನ್ ಡಿಯೇಗೋ ಮೃಗಾಲಯದಲ್ಲಿ. ಸಂಸ್ಥಾಪಕರಲ್ಲೊಬ್ಬರಾದ ಜಾವೇದ್ ಕರೀಮ್ ಆನೆಗಳ ಮುಂದೆ ನಿಂತು ಹತ್ತೊಂಬತ್ತು ಸೆಕೆಂಡು ಮಾತನಾಡಿದ ತುಣುಕು ಅದು. ಅದಕ್ಕೆ ಮುನ್ನೋಟವೂ ಇರಲಿಲ್ಲ, ನಿಗದಿತ ವೇಳೆಯೂ ಇರಲಿಲ್ಲ. ಯಾರು ಬೇಕಾದರೂ, ಯಾವಾಗ ಬೇಕಾದರೂ ತೋರಿಸಬಹುದೆಂಬ ಹೊಸ ಯುಗ ಅಲ್ಲಿಂದ ಮೊದಲಾಯಿತು.

ನೆಟ್‌ಫ್ಲಿಕ್ಸ್ 2007ರಲ್ಲಿ ಅಂತರಜಾಲದ ಮೂಲಕ ಚಿತ್ರಗಳನ್ನು ಹರಿಸತೊಡಗಿತು. 2013ರ ಫೆಬ್ರವರಿ 1ರಂದು ‘ಹೌಸ್ ಆಫ್ ಕಾರ್ಡ್ಸ್’ ಧಾರಾವಾಹಿಯ ಹದಿಮೂರು ಕಂತುಗಳನ್ನು ಒಟ್ಟಿಗೇ ಬಿಟ್ಟುಕೊಟ್ಟು ವಾರಕ್ಕೊಂದು ಕಂತೆಂಬ ಹಳೆಯ ಪದ್ಧತಿಯನ್ನೇ ಮುರಿಯಿತು. ಒಂದು ಕಂತು ಮುಗಿಯುತ್ತಿದ್ದಂತೆ ಮುಂದಿನದು ತಾನಾಗಿ ತೊಡಗುವ, ಶೀರ್ಷಿಕೆಯ ಮೇಲೆ ನಿಂತೊಡನೆ ಮುನ್ನೋಟದ ತುಣುಕು ತಾನಾಗಿ ಓಡುವ ವ್ಯವಸ್ಥೆಗಳೂ ಬಂದವು. ಆ ತುಣುಕುಗಳು ತಾನಾಗಿ ಓಡದಂತೆ ತಡೆಯುವ ಆಯ್ಕೆಯನ್ನು ಆ ಸಂಸ್ಥೆ ಕೊಟ್ಟದ್ದು 2020ರ ಫೆಬ್ರವರಿಯಲ್ಲಿ. ರಿವರ್‌ಸೈಡಿನಲ್ಲಿ ಮುನ್ನೋಟವೆಂದರೆ ಚಿತ್ರವನ್ನು ತಿದ್ದಲು ಪ್ರೇಕ್ಷಕನ ಅಭಿಪ್ರಾಯ ಕೇಳುವುದಾಗಿತ್ತು. ಈಗ ಅದು ಪ್ರೇಕ್ಷಕನನ್ನು ಏಳದಂತೆ ಕೂರಿಸುವ ಸಾಧನವೂ ಆಗಿದೆ.

ಮರಳಿ ಬಂದ ಕೂಡುನೋಟ

ಎಲ್ಲವೂ ಎಲ್ಲ ಹೊತ್ತಿಗೂ ದೊರೆತಾಗ ಒಟ್ಟಿಗೆ ನೋಡುವ ಸುಖ ಕಳೆಯಿತು. 1987ರ ಜನವರಿಯಿಂದ ಭಾನುವಾರದ ಬೆಳಗುಗಳಲ್ಲಿ ದೂರದರ್ಶನದ ರಾಮಾಯಣಕ್ಕಾಗಿ ಬೀದಿಗಳು ಬರಿದಾಗುತ್ತಿದ್ದುದನ್ನು ನಮ್ಮ ಪೀಳಿಗೆ ಮರೆತಿಲ್ಲ. ಟಿ.ವಿ. ಇದ್ದವರ ಮನೆಯಲ್ಲಿ ಇಲ್ಲದವರೂ ಚಾಪೆ ಹಾಸಿ ಕೂರುತ್ತಿದ್ದರು. ಅದಕ್ಕೂ ಹಿಂದೆ, 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆರಂಭಿಸಿದ ಬಾನುಲಿ ಕೇಂದ್ರ ‘ಆಕಾಶವಾಣಿ’ ಎಂಬ ಹೆಸರನ್ನು ನಾಡಿಗೆ ಕೊಟ್ಟಿತು. ಗೊತ್ತಾದ ಹೊತ್ತಿಗೆ ಕಿವಿಗೊಡುವುದು ಒಂದು ಸಾಮಾಜಿಕ ಶಿಸ್ತಾಗಿತ್ತು.

ಆ ಶಿಸ್ತಿಗೆ ಹೊಸ ರೂಪ ಬಂದದ್ದೂ ಇಲ್ಲಿಯೇ. ಲಾಸ್ ಏಂಜಲೀಸಿನಲ್ಲಿ 2013ರಲ್ಲಿ ಸ್ಥಾಪನೆಯಾದ ಪ್ಲೂಟೋ ಟಿ.ವಿ. ಅಂತರಜಾಲದಲ್ಲಿಯೇ ಹಳೆಯ ಕಾಲದ ವೇಳಾಪಟ್ಟಿಯ ಚಾನೆಲ್‌ಗಳನ್ನು ನಡೆಸಿತು. 2019ರಲ್ಲಿ ವಯಾಕಾಮ್ ಸಂಸ್ಥೆ ಅದನ್ನು 34 ಕೋಟಿ ಡಾಲರುಗಳಿಗೆ ಕೊಂಡಿತು. 2018ರ ಜೂನ್ ತಿಂಗಳಿನಲ್ಲಿ ನಮ್ಮ ಎರಡು ನಗರಗಳ ನಡುವಣ ಅನಹೈಮಿನಲ್ಲಿ ನಡೆದ ವಿಡ್‌ಕಾನ್ ಸಮಾವೇಶದಲ್ಲಿ ಯೂಟ್ಯೂಬ್ ತನ್ನ ‘ಪ್ರೀಮಿಯರ್’ ಸೌಲಭ್ಯವನ್ನು ಪ್ರಕಟಿಸಿತು. ಮುಂಚೆಯೇ ಸಿದ್ಧಗೊಂಡ ವಿಡಿಯೋವನ್ನು ಗೊತ್ತಾದ ಕ್ಷಣದಲ್ಲಿ ಎಲ್ಲರೂ ಒಟ್ಟಿಗೆ, ಮಾತನಾಡಿಕೊಳ್ಳುತ್ತಾ ನೋಡುವ ವ್ಯವಸ್ಥೆಯದು.

2020ರ ಮಾರ್ಚ್ 19ರಂದು ಕ್ಯಾಲಿಫೋರ್ನಿಯಾ ರಾಜ್ಯವು ಜನರು ಮನೆಯಲ್ಲಿಯೇ ಇರಬೇಕೆಂದು ಆಜ್ಞೆ ಹೊರಡಿಸಿದಾಗ ಈ ಸೌಲಭ್ಯದ ಬೆಲೆ ತಿಳಿಯಿತು. ಅದೇ ಜುಲೈ 17ರಂದು ‘ಲಾ’ ಎಂಬ ಕನ್ನಡ ಚಿತ್ರವು ಚಿತ್ರಮಂದಿರಕ್ಕೆ ಹೋಗದೆ ನೇರವಾಗಿ ಅಮೆಜಾನ್ ಪ್ರೈಮ್ ವಿಡಿಯೋದಲ್ಲಿ ತೆರೆಕಂಡಿತು. ಬೆಂಗಳೂರಿನಲ್ಲಿ ಬಿಡುಗಡೆಯಾದ ಚಿತ್ರ ಇಲ್ಲಿಗೆ ಬರುವುದೋ ಇಲ್ಲವೋ ಎಂದು ಕಾಯುತ್ತಿದ್ದ ನಮಗೆ ಅದೊಂದು ಹೊಸ ಅನುಭವ. ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವಗಳನ್ನು ಹೊರನಾಡಿನ ಸಂಘಗಳು ಪರದೆಯ ಮೇಲೆ ಆಚರಿಸಿದವು.

ನಮ್ಮ ಹೊಣೆ

ಹೀಗೆ ಆಯೋಗ, ಸ್ಟುಡಿಯೋ, ನ್ಯಾಯಾಲಯಗಳ ಕೈಯಲ್ಲಿದ್ದ ಅಧಿಕಾರ ಇಂದು ಸ್ವಯಂಸೇವಕರ ಕೈಗೆ ಬಂದಿದೆ. ಅದನ್ನು ಬಳಸುವಾಗ ಮೂರು ಸಂಗತಿಗಳು ನೆನಪಿರಬೇಕೆಂದು ನಮಗೆ ತೋರುತ್ತದೆ.

ಮೊದಲನೆಯದು ಗಡಿಯಾರ. ಬೇಸಿಗೆಯ ಕಾಲಮಾನದಲ್ಲಿ ಭಾರತ ನಮಗಿಂತ ಹನ್ನೆರಡೂವರೆ ಗಂಟೆ ಮುಂದಿದೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ. ಇಲ್ಲಿ ಶನಿವಾರ ಸಂಜೆ ಏಳೂವರೆಯಾದಾಗ ಬೇಸಿಗೆಯ ಕಾಲಮಾನದಲ್ಲಿ ಅಲ್ಲಿ ಭಾನುವಾರ ಬೆಳಗಿನ ಎಂಟು, ಚಳಿಗಾಲದಲ್ಲಿ ಒಂಬತ್ತು. ಇಲ್ಲಿ ಗಡಿಯಾರ ಬದಲಾಗುವುದು ನವೆಂಬರಿನ ಮೊದಲ ಭಾನುವಾರ, ಅಂದರೆ ರಾಜ್ಯೋತ್ಸವದ ವಾರದಲ್ಲಿಯೇ. ಮೊಮ್ಮಗಳ ಭರತನಾಟ್ಯಕ್ಕಾಗಿ ಸ್ನಾನ ಮುಗಿಸಿ, ಕಾಫಿ ಹಿಡಿದು ಕುಳಿತ ಅಜ್ಜಿ ತಾತಂದಿರು ಬರಿಯ ಪರದೆಯನ್ನು ಒಂದು ಗಂಟೆ ಕಾಯುವಂತಾಗಬಾರದು. ಆಮಂತ್ರಣದಲ್ಲಿ ಎರಡೂ ದೇಶಗಳ ವೇಳೆಯನ್ನು ಬರೆಯುವುದು ಚಿಕ್ಕ ಕೆಲಸ. ಅದರ ಫಲ ದೊಡ್ಡದು.

ಎರಡನೆಯದು ನಿದ್ರೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಸಲಹೆಯಿತ್ತಿದೆ. ಹದಿಹರೆಯದವರ ನಿದ್ರೆಯ ಸಲುವಾಗಿಯೇ ನಮ್ಮ ರಾಜ್ಯದಲ್ಲಿ 2022ರ ಜುಲೈನಿಂದ ಬಹುತೇಕ ಪ್ರೌಢಶಾಲೆಗಳು ಬೆಳಗ್ಗೆ 8:30ಕ್ಕೆ ಮೊದಲು ಆರಂಭವಾಗುವಂತಿಲ್ಲ. ಕಾನೂನು ಉಳಿಸಿಕೊಟ್ಟ ನಿದ್ರೆಯನ್ನು ನಮ್ಮ ಕಾರ್ಯಕ್ರಮವೋ ತಾನಾಗಿ ಓಡುವ ಮುಂದಿನ ಕಂತೋ ಕಸಿಯಬಾರದು. ಸಂಜೆಯ ಪ್ರೀಮಿಯರ್ ಒಂಬತ್ತರೊಳಗೆ ಮುಗಿಯಲಿ. ಮನೆಯಲ್ಲಿ ತಾನಾಗಿ ಓಡುವ ಆಯ್ಕೆಯನ್ನು ಆರಿಸಿಡಿ.

ಮೂರನೆಯದು ಮುನ್ನೋಟ. ಪ್ರಕಟಿಸುವ ಮೊದಲು ವಿಡಿಯೋವನ್ನು ಖಾಸಗಿಯಾಗಿಟ್ಟು ಇಬ್ಬರಾದರೂ ಕೊನೆಯವರೆಗೆ ನೋಡಲಿ. ಅವರಲ್ಲಿ ಒಬ್ಬರು ಹಿರಿಯರಾಗಿದ್ದರೆ ಮಾತು ಸ್ಪಷ್ಟವಾಗಿ ಕೇಳುತ್ತಿದೆಯೇ ಎಂಬುದು ಒಡನೆ ತಿಳಿಯುತ್ತದೆ. ಮಕ್ಕಳ ಹೆಸರುಗಳ ಕನ್ನಡ ಕಾಗುಣಿತ ಸರಿಯಿದೆಯೇ, ಪ್ರತಿ ಮಗುವಿನ ತಂದೆತಾಯಿಯರ ಒಪ್ಪಿಗೆ ಇದೆಯೇ ಎಂದು ನೋಡಬೇಕು. ಚಿತ್ರಗೀತೆಗೆ ನರ್ತಿಸಿದ್ದರೆ ಹಾಡಿನ ಹಕ್ಕಿನ ತಕರಾರು ಏರಿಸಿದಾಗಲೇ ತಿಳಿದುಬರುವುದರಿಂದ, ಕಾರ್ಯಕ್ರಮಕ್ಕೆ ಕೆಲವು ದಿನ ಮುಂಚೆಯೇ ಏರಿಸುವುದು ಕ್ಷೇಮ.

ಬಂಧುಗಳೇ, ಮುಂದಿನ ರಾಜ್ಯೋತ್ಸವದ ವಿಡಿಯೋಗಳಿಗೆ ಮುನ್ನೋಟಕಾರರಾಗಲು ಹಿರಿಯರೂ ಹದಿಹರೆಯದವರೂ ಮುಂದೆ ಬರಬೇಕೆಂದು ಕೋರುತ್ತೇವೆ. ಬೇಕಾದದ್ದು ಒಂದು ಗಂಟೆಯ ಬಿಡುವು, ಕನ್ನಡ ಓದಬಲ್ಲ ಕಣ್ಣು ಮತ್ತು ದಾಕ್ಷಿಣ್ಯವಿಲ್ಲದೆ ಅಭಿಪ್ರಾಯ ಹೇಳುವ ಮನಸ್ಸು. ಆಸಕ್ತರು ಸಂಘದ ಕಾರ್ಯಕಾರಿ ಸಮಿತಿಗೆ ತಿಳಿಸಿ.