ಶಾಲೆಗಳ ತುಲನೆ: ಒಂದು ಹಳೆಯ ಲೆಕ್ಕ

ಠಾಣೆಯಲ್ಲಾಗಲಿ ಡೊಂಬಿವಲಿಯಲ್ಲಾಗಲಿ ನಾಲ್ಕು ಮಂದಿ ಕನ್ನಡಿಗರು ಕೂಡಿದರೆ ಮಕ್ಕಳ ಶಾಲೆಯ ಮಾತು ಬಂದೇ ಬರುತ್ತದೆ. ಪಾಲಿಕೆಯ ಯಾವ ಶಾಲೆಯಲ್ಲಿ ಎಷ್ಟು ಮಕ್ಕಳು ಸ್ಕಾಲರ್‌ಶಿಪ್ ಪರೀಕ್ಷೆ ಪಾಸಾದರು ಎಂಬ ಒಂದೇ ಅಂಕಿಯಿಂದ ಶಾಲೆಯ ಯೋಗ್ಯತೆ ತೀರ್ಮಾನವಾಗಿಬಿಡುತ್ತದೆ.

ಹೀಗೆ ಅಳೆಯುವುದು ಹೊಸದಲ್ಲ. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಎಂಬಾತ ಫಲಿತಾಂಶ ನೋಡಿ ಶಾಲೆಗೆ ಹಣ ಕೊಡುವ ಪದ್ಧತಿ ತಂದ. ಇನ್‌ಸ್ಪೆಕ್ಟರು ಬಂದು ಒಬ್ಬೊಬ್ಬ ಮಗುವಿನ ಓದು, ಬರಹ, ಲೆಕ್ಕ ಪರೀಕ್ಷಿಸುವರು. ಒಂದು ವಿಷಯದಲ್ಲಿ ನಪಾಸಾದರೆ ಅನುದಾನದಲ್ಲಿ 2 ಶಿಲಿಂಗ್ 8 ಪೆನ್ಸ್ ಖೋತಾ. ಮಾಸ್ತರರು ಪಾಠಪುಸ್ತಕವನ್ನೇ ಬಾಯಿಪಾಠ ಮಾಡಿಸತೊಡಗಿದರು. ಉಳಿದ ವಿಷಯಗಳು ಮೂಲೆ ಸೇರಿದವು. ಸ್ವತಃ ಶಾಲಾ ಇನ್‌ಸ್ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಇದನ್ನು ಬಲವಾಗಿ ಖಂಡಿಸಿದರು. 1890ರ ದಶಕದಲ್ಲಿ ಅಲ್ಲಿ ಅದನ್ನು ಕೈಬಿಟ್ಟರು. ಅಷ್ಟರಲ್ಲಿ ಅದು ಹಡಗು ಹತ್ತಿ ಮುಂಬಯಿ ಪ್ರಾಂತದ ಅನುದಾನಿತ ಶಾಲೆಗಳಿಗೂ ಬಂದಾಗಿತ್ತು. ಠಾಣೆ, ಕಲ್ಯಾಣಗಳಂತೆ ನಮ್ಮ ಧಾರವಾಡ, ಬೆಳಗಾವಿಗಳೂ ಆಗ ಅದೇ ಪ್ರಾಂತದವು.

ಆ ಕಡೆಯ ಹಿರಿಯರು ಮುಲ್ಕಿ ಪರೀಕ್ಷೆಯ ಹೆಸರನ್ನು ಅಭಿಮಾನದಿಂದ ಹೇಳುತ್ತಿದ್ದರು. ಮುಲ್ಕಿ ಪಾಸಾದವನಿಗೆ ಮಾಸ್ತರಿಕೆ ಸಿಗುತ್ತಿತ್ತು, ನಿಜ. ಆದರೆ ಮೂರನೆಯ ಇಯತ್ತೆಗೇ ಶಾಲೆ ಬಿಟ್ಟು ಹೊಲಕ್ಕೆ ಹೋದವರನ್ನು ಎಣಿಸಿದವರಾರು?

ಈಗಿನ ಅಂಕಿಗಳಲ್ಲೂ ಇದೇ ತೊಡಕು. ಠಾಣೆ 1982ರಲ್ಲಿ, ಕಲ್ಯಾಣ–ಡೊಂಬಿವಲಿ 1983ರಲ್ಲಿ, ನವಿ ಮುಂಬಯಿ 1992ರಲ್ಲಿ ಮಹಾನಗರಪಾಲಿಕೆಗಳಾದವು. ಮೂರಕ್ಕೂ ತಮ್ಮ ತಮ್ಮ ಶಾಲೆಗಳಿವೆ. ಬಹುಕಾಲ 4 ಮತ್ತು 7ನೆಯ ಇಯತ್ತೆಗಿದ್ದ ಸ್ಕಾಲರ್‌ಶಿಪ್ ಪರೀಕ್ಷೆ 2016–17ರಲ್ಲಿ 5 ಮತ್ತು 8ಕ್ಕೆ ಸರಿಯಿತು. ಹಿಂದಿನ ಅಂಕಿಗೂ ಮುಂದಿನದಕ್ಕೂ ತಾಳೆ ಹಾಕುವಂತಿಲ್ಲ. ಅಲ್ಲದೆ ಅದಕ್ಕೆ ಎಲ್ಲ ಮಕ್ಕಳೂ ಕೂಡುವುದಿಲ್ಲ. ಒಂದು ಶಾಲೆ 40 ಮಕ್ಕಳಲ್ಲಿ ಹತ್ತನ್ನು ಆರಿಸಿ ಕಳಿಸಿ, 8 ಪಾಸಾದರೆನ್ನಿ: ಶೇಕಡಾ 80. ಪಕ್ಕದ ಶಾಲೆ ನಲವತ್ತನ್ನೂ ಕಳಿಸಿ, 24 ಪಾಸಾದರೆ ಶೇಕಡಾ 60. ಪಾಸಾದವರು ಮೂರು ಪಟ್ಟು, ಹೆಸರು ಮಾತ್ರ ಮೊದಲಿನದಕ್ಕೆ! ಗುಮಾಸ್ತೆಯ ಕೆಲಸದಲ್ಲಿ ದಿನವೂ ತಃಖ್ತೆ ತುಂಬುವ ನನಗೆ ಛೇದವನ್ನು ಮುಚ್ಚಿಟ್ಟ ಶೇಕಡಾವಾರು ಕಂಡರೆ ಸಂಶಯವೇ.

ಇನ್ನೊಂದು ಮಾತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ವರ್ಷದ ನಡುವೆ ಬಂದ ಮಗುವನ್ನೂ ಸೇರಿಸಿಕೊಳ್ಳಬೇಕು. ಕಟ್ಟಡ ಕೆಲಸಕ್ಕೆಂದು ವಿಜಾಪುರ, ಕಲಬುರ್ಗಿ ಕಡೆಯಿಂದ ಬಂದವರ ಮಗು ಮನೆಯಲ್ಲಿ ಕನ್ನಡ ಆಡಿ, ತರಗತಿಯಲ್ಲಿ ಮರಾಠಿ ಕೇಳುತ್ತದೆ. ಮೊದಲ ವರ್ಷ ಅದರ ಅಂಕ ಶಾಲೆಯ ಸರಾಸರಿಯನ್ನು ಇಳಿಸುವುದು ಸಹಜ. ಸರಾಸರಿ ಒಂದನ್ನೇ ನೋಡಿ ನಾವು ಶಾಲೆ ಬಿಡಿಸಿದರೆ, ಪಟ ಇಳಿದು ಮುಚ್ಚುವ ಪ್ರಸಂಗ ಬರುವುದು ಆ ಮಗುವನ್ನು ಒಳಗೆ ಕರೆದುಕೊಂಡ ಶಾಲೆಗೇ. ಈ ಜೂನಿನಲ್ಲಿ ಮಗುವಿನ ಹೆಸರು ಹಚ್ಚಲು ಹೋಗುವವರು ಮುಖ್ಯಾಧ್ಯಾಪಕರನ್ನು ಕೇಳಬಹುದು: ಒಂದನೆಯ ಇಯತ್ತೆಗೆ ಎಷ್ಟು ಮಕ್ಕಳು ಬಂದಿದ್ದರು, ಅವರಲ್ಲಿ ಐದನೆಯದರಲ್ಲಿ ಎಷ್ಟು ಮಂದಿ ಇದ್ದಾರೆ?