ಗ್ರಾಮಶಿಶುಗಳಲ್ಲಿ ಸ್ವಲೀನತೆಯ ತಪಾಸಣೆ: ಒಂದು ಚಾರಿತ್ರಿಕ ವಿಮರ್ಶೆ

ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಮನೋವೈದ್ಯರಾಗಿದ್ದ ಲಿಯೋ ಕ್ಯಾನರ್ ಅವರು 1943ರಲ್ಲಿ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ, ಜನರ ನಡುವೆ ಇದ್ದೂ ಜನರ ಕಡೆಗೆ ಮುಖ ತಿರುಗಿಸದ, ಮಾತು ಬಂದರೂ ಅದನ್ನು ಸಂಭಾಷಣೆಗೆ ಬಳಸದ, ನಿತ್ಯಕ್ರಮದಲ್ಲಿ ಎಳ್ಳಷ್ಟು ವ್ಯತ್ಯಾಸವಾದರೂ ಸಹಿಸಲಾರದ ಆ ಮಕ್ಕಳ ಸ್ಥಿತಿಗೆ, ಅಂದರೆ ಸ್ವಲೀನತೆಗೆ (ಆಟಿಸಂ), ವೈದ್ಯಶಾಸ್ತ್ರದಲ್ಲಿ ಪ್ರತ್ಯೇಕ ಸ್ಥಾನವನ್ನು ಕಲ್ಪಿಸಿಕೊಟ್ಟರು. ಅದೇ ಲೇಖನದಲ್ಲಿ, ಆ ಮಕ್ಕಳ ತಂದೆತಾಯಿಗಳು ಬಹುಮಟ್ಟಿಗೆ ವಿದ್ಯಾವಂತರೂ ವೃತ್ತಿಯಲ್ಲಿ ಹೆಸರು ಪಡೆದವರೂ ಆಗಿದ್ದರೆಂಬ ಸಂಗತಿಯನ್ನೂ ಅವರು ಗುರುತಿಸಿದ್ದರು. ಈ ಎರಡನೆಯ ಮಾತಿನಿಂದ ಹುಟ್ಟಿದ ಭ್ರಮೆ ಬಹುಕಾಲ ಬಾಳಿತು. ಸ್ವಲೀನತೆಯು ಓದುಬರಹ ಬಲ್ಲ, ಅನುಕೂಲಸ್ಥರಾದ ಮನೆತನಗಳ ಮಕ್ಕಳಿಗೆ ಬರತಕ್ಕದ್ದೆಂಬ ನಂಬಿಕೆ ಬೇರೂರಿ, ಕೂಲಿಕಾರನ ಮಗುವಿನಲ್ಲಿ ಅದನ್ನು ಅರಸುವ ಯೋಚನೆಯೇ ಹಲವು ದಶಕಗಳ ಕಾಲ ಯಾರಿಗೂ ಹೊಳೆಯದಂತಾಯಿತು. ಹಳ್ಳಿಯ ಬಡಮಕ್ಕಳಲ್ಲಿ ಸ್ವಲೀನತೆ ಇಲ್ಲವೆಂದು ಇತಿಹಾಸವು ಹೇಳಿದ್ದೆಲ್ಲವೂ, ಅದನ್ನು ನೋಡಲು ಯಾರೂ ಅಲ್ಲಿಗೆ ಹೋಗಿರಲಿಲ್ಲವೆಂಬುದರ ದಾಖಲೆಯೇ ಹೊರತು ಬೇರೆಯಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ಚಿಕಿತ್ಸಾಲಯದ ಬಾಗಿಲಿಗೆ ಬಂದವರನ್ನು ಮಾತ್ರ ಎಣಿಸುವ ಕ್ರಮವನ್ನು ಬಿಟ್ಟು, ಒಂದು ಪ್ರದೇಶದ ಮಕ್ಕಳೆಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೊದಲ ಸಮೀಕ್ಷೆ ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್ ಪ್ರಾಂತದ್ದು. 8ರಿಂದ 10 ವರ್ಷದ ಮಕ್ಕಳ ವಿಷಯವಾಗಿ ಉಪಾಧ್ಯಾಯರಿಗೆ ಪ್ರಶ್ನಾವಳಿಯನ್ನು ಕಳುಹಿಸಿ, ಸಂದೇಹ ಬಂದವರನ್ನು ಹಂತಹಂತವಾಗಿ ಪರೀಕ್ಷಿಸಿ, ಹತ್ತು ಸಾವಿರಕ್ಕೆ 4.5ರ ಪ್ರಮಾಣವನ್ನು ವಿಕ್ಟರ್ ಲಾಟರ್ 1966ರಲ್ಲಿ ಪ್ರಕಟಿಸಿದರು. ತರುವಾಯ ಅವರು ಆಫ್ರಿಕದ ನಗರಗಳಲ್ಲಿಯೂ ಬುದ್ಧಿಮಾಂದ್ಯ ಮಕ್ಕಳ ಸಂಸ್ಥೆಗಳನ್ನು ಸಂದರ್ಶಿಸಿ 1978ರಲ್ಲಿ ವರದಿ ಬರೆದರು. ಆದರೆ ಸಂಸ್ಥೆಯವರೆಗೆ ಬಂದ ಮಗುವನ್ನಷ್ಟೇ ಅಂಥ ಶೋಧನೆ ಕಾಣಬಲ್ಲುದು. ಕ್ಯಾನರರ ಎರಡನೆಯ ಮಾತಿಗೆ ಸಮರ್ಪಕವಾದ ಉತ್ತರ ದೊರೆತದ್ದು ಲೋರ್ನಾ ವಿಂಗ್ ಅವರಿಂದ. ಲಂಡನ್ನಿನ ಕ್ಯಾಂಬರ್‌ವೆಲ್ಲಿನಲ್ಲಿ ಜುಡಿತ್ ಗೌಲ್ಡ್ ಅವರೊಡಗೂಡಿ ನಡೆಸಿದ ಸಮೀಕ್ಷೆಯನ್ನು 1979ರಲ್ಲಿ ಪ್ರಕಟಿಸಿದ ವಿಂಗ್, ಮರುವರ್ಷ ಅದೇ ಪ್ರದೇಶದ ಮಕ್ಕಳ ಕುಟುಂಬಸ್ಥಿತಿಯನ್ನು ವಿಚಾರಿಸಿ, ಇಡೀ ಪ್ರದೇಶವನ್ನು ನೋಡಿದಲ್ಲಿ ವರ್ಗಭೇದವು ಕಾಣುವುದಿಲ್ಲವೆಂದೂ, ತಜ್ಞರನ್ನು ತಾವಾಗಿ ಹುಡುಕಿಕೊಂಡು ಬಂದವರನ್ನು ಮಾತ್ರ ನೋಡಿದಲ್ಲಿ ಅನುಕೂಲಸ್ಥರೇ ಹೆಚ್ಚಾಗಿ ಕಾಣುವರೆಂದೂ ತೋರಿಸಿದರು. ನನ್ನ ಎಣಿಕೆಯಲ್ಲಿ ಈ ವಿಷಯದ ಚರಿತ್ರೆಯಲ್ಲಿ ಇದಕ್ಕಿಂತ ಮಹತ್ತ್ವದ ಲೇಖನ ವಿರಳ. ಅದು ಪಡೆಯಬೇಕಾದಷ್ಟು ಪ್ರಸಿದ್ಧಿಯನ್ನು ಪಡೆಯಲಿಲ್ಲವೆಂಬುದು ವಿಷಾದದ ಸಂಗತಿ.

ಬಡದೇಶಗಳ ಹಳ್ಳಿಗಳಿಗೆ ತಪಾಸಣೆಯು ಮೊದಲು ಪ್ರವೇಶಿಸಿದ್ದು ಸ್ವಲೀನತೆಯ ಹೆಸರಿನಲ್ಲಿ ಅಲ್ಲ. 1980ರ ದಶಕದಲ್ಲಿ ಬಾಂಗ್ಲಾದೇಶ, ಜಮೈಕ, ಪಾಕಿಸ್ತಾನಗಳಲ್ಲಿ 2ರಿಂದ 9 ವರ್ಷದ ಮಕ್ಕಳಿಗಾಗಿ ಪ್ರಯೋಗಿಸಲಾದ ‘ಹತ್ತು ಪ್ರಶ್ನೆ’ಗಳ ಪಟ್ಟಿಯನ್ನು ಹಿಡಿದು ಊರಿನ ಕಾರ್ಯಕರ್ತೆಯೇ ಮನೆಮನೆಗೆ ಹೋಗಿ ತಾಯಿಯನ್ನು ಪ್ರಶ್ನಿಸುತ್ತಿದ್ದಳು. ಮಗು ನಡೆಯುವುದು ತಡವಾಯಿತೆ, ಕಣ್ಣು ಕಿವಿ ಸರಿಯಾಗಿವೆಯೆ, ಫಿಟ್ಸ್ ಬರುವುದುಂಟೆ, ಓರಗೆಯ ಮಕ್ಕಳಂತೆ ಕಲಿಯುವುದೆ ಎಂಬಂಥವು ಆ ಪ್ರಶ್ನೆಗಳು. ವೈದ್ಯರಿಲ್ಲದೆಯೂ ಈ ಕಾರ್ಯ ಸಾಧ್ಯವೆಂಬುದನ್ನು ಆ ಪ್ರಯತ್ನ ತೋರಿಸಿಕೊಟ್ಟಿತು. ಆದರೆ ಮಗುವು ಮತ್ತೊಬ್ಬರೊಡನೆ ಹೇಗೆ ಬೆರೆಯುತ್ತದೆಂಬ ಒಂದು ಪ್ರಶ್ನೆಯೂ ಅದರಲ್ಲಿ ಇರಲಿಲ್ಲವಾಗಿ, ಚೆನ್ನಾಗಿ ನಡೆದಾಡುವ, ನಾಲ್ಕು ಮಾತನ್ನೂ ಆಡಬಲ್ಲ ಸ್ವಲೀನ ಶಿಶುವು ಆ ಜರಡಿಯಿಂದ ಜಾರಿಹೋಗುವುದಕ್ಕೆ ಅವಕಾಶವಿತ್ತು.

ಆ ಕೊರತೆಯನ್ನು ನೀಗುವ ಸಾಧನ ಬಂದದ್ದು 1992ರಲ್ಲಿ. ಸೈಮನ್ ಬ್ಯಾರನ್-ಕೋಹೆನ್, ಜೇನ್ ಆಲೆನ್, ಕ್ರಿಸ್ಟೋಫರ್ ಗಿಲ್‌ಬರ್ಗ್ ಎಂಬ ಮೂವರು 18 ತಿಂಗಳ ಶಿಶುಗಳಿಗಾಗಿ ರಚಿಸಿದ ‘ಚಾಟ್’ ಎಂಬ ಪಟ್ಟಿಗೆ ಎರಡು ಭಾಗಗಳು: ತಾಯಿತಂದೆಯರನ್ನು ಕೇಳತಕ್ಕ 9 ಪ್ರಶ್ನೆಗಳು ಒಂದು, ಮನೆಗೆ ಬರುವ ದಾದಿಯಾಗಲಿ ವೈದ್ಯರಾಗಲಿ ಕಣ್ಣಾರೆ ನೋಡಿ ಗುರುತಿಸತಕ್ಕ 5 ಅಂಶಗಳು ಇನ್ನೊಂದು. ಕೋಣೆಯ ಆಚೆ ಬದಿಯ ವಸ್ತುವಿನತ್ತ ಬೆರಳು ಮಾಡಿ ‘ಅಲ್ಲಿ ನೋಡು’ ಎಂದರೆ ಮಗು ಅತ್ತ ನೋಡುವುದೆ? ಆಟದ ಲೋಟಕ್ಕೆ ಚಹಾ ಬಗ್ಗಿಸಿದಂತೆ ನಟಿಸುವುದೆ? ‘ದೀಪ ಎಲ್ಲಿದೆ’ ಎಂದರೆ ಬೆರಳು ಚಾಚಿ ತೋರಿಸುವುದೆ, ತೋರಿಸುವಾಗ ಕೇಳಿದವರ ಮುಖವನ್ನು ನೋಡುವುದೆ? ನಮ್ಮ ತಾಯಂದಿರು ಮಗುವನ್ನು ಕಂಕುಳಲ್ಲೆತ್ತಿಕೊಂಡು ಅಂಗಳಕ್ಕೆ ಬಂದು, ಚಂದಮಾಮನನ್ನು ತೋರಿಸುತ್ತ ಒಂದೊಂದೇ ತುತ್ತನ್ನು ಬಾಯಿಗಿಡುವಾಗ ನಡೆಯುವುದೂ ಈ ಪರೀಕ್ಷೆಯೇ. ಮಗುವಿನ ದೃಷ್ಟಿ ಬೆರಳಲ್ಲೇ ನಿಲ್ಲುವುದೋ, ಬೆರಳನ್ನು ದಾಟಿ ಚಂದ್ರನವರೆಗೆ ಹೋಗಿ ಮರಳಿ ತಾಯಿಯ ಮುಖಕ್ಕೆ ಬರುವುದೋ ಎಂಬುದನ್ನು ಆಕೆ ದಿನದಿನವೂ ಕಾಣುತ್ತಾಳೆ. ಆದಾಗ್ಯೂ ಈ ಸಾಧನವು ನಿರ್ದೋಷವಾಗಿರಲಿಲ್ಲ. 16,235 ಶಿಶುಗಳನ್ನು ಹಲವು ವರ್ಷ ಅನುಸರಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಂದೆ ಸ್ವಲೀನತೆಯುಳ್ಳವರೆಂದು ತಿಳಿದುಬಂದ ಮಕ್ಕಳ ಪೈಕಿ ಶೇಕಡ 38 ಮಂದಿಯನ್ನು ಮಾತ್ರ ಅದು ಮೊದಲೇ ಗುರುತಿಸಿತ್ತು. ಒಂದು ಸಲ ನೋಡಿ ಕೈತೊಳೆದುಕೊಳ್ಳುವ ಕೆಲಸ ಇದಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಅಮೆರಿಕದಲ್ಲಿ ಮನೆಮನೆಗೆ ಹೋಗುವ ದಾದಿಯರ ವ್ಯವಸ್ಥೆ ಇಲ್ಲದ ಕಾರಣ, 2001ರಲ್ಲಿ ಡಯಾನಾ ರಾಬಿನ್ಸ್ ಮತ್ತು ಸಂಗಡಿಗರು ‘ಚಾಟ್’ ಪಟ್ಟಿಯನ್ನು ಪರಿಷ್ಕರಿಸಿದಾಗ ಕಣ್ಣಾರೆ ನೋಡುವ ಭಾಗವನ್ನು ಪೂರ್ಣವಾಗಿ ಕೈಬಿಟ್ಟು, ತಾಯಿತಂದೆಯರೇ ತುಂಬತಕ್ಕ 23 ಪ್ರಶ್ನೆಗಳ ‘ಎಂ-ಚಾಟ್’ ಪಟ್ಟಿಯನ್ನು ಸಿದ್ಧಪಡಿಸಿದರು. ಅದು ಮುಂದೆ 20 ಪ್ರಶ್ನೆಗಳಿಗೆ ಇಳಿಯಿತು. ಲೋಕದಲ್ಲೆಲ್ಲ ಹರಡಿದ್ದು, ಭಾರತಕ್ಕೂ ಬಂದದ್ದು, ಈ ಪಟ್ಟಿಯೇ. ಇದೊಂದು ವಿಪರ್ಯಾಸ. ಮನೆಬಾಗಿಲಿಗೆ ಹೋಗುವ ದಾದಿ ಇಲ್ಲದ ದೇಶ ತನ್ನ ಅನನುಕೂಲಕ್ಕೆ ಹೊಂದಿಸಿಕೊಂಡ ಸಾಧನವನ್ನು, ಊರೂರಿಗೂ ಅಂಗನವಾಡಿಯುಳ್ಳ ದೇಶವು ಪ್ರಶ್ನಿಸದೆ ಸ್ವೀಕರಿಸಿತು. ಅದರ ಒಂದು ಪ್ರಶ್ನೆ, ನಿತ್ಯದ ಸದ್ದುಗಳಿಂದ ಮಗು ತಳಮಳಿಸುವುದೆ ಎಂಬುದು. ಉದಾಹರಣೆಗೆ ಕೊಟ್ಟಿರುವುದು ವ್ಯಾಕ್ಯೂಮ್ ಕ್ಲೀನರಿನ ಸದ್ದು. ಕಸಬರಿಕೆಯ ಮನೆಯಲ್ಲಿ ಬೆಳೆದ ಮಗುವಿನ ತಾಯಿಗೆ ತಮಟೆಯ ಸದ್ದನ್ನೋ ಹಿಟ್ಟಿನ ಗಿರಣಿಯ ಸದ್ದನ್ನೋ ಹೇಳಿ ಕೇಳಬೇಕು. ಅಕ್ಷರ ಬಾರದ ತಾಯಿಗೆ ಓದಿ ಹೇಳುವವರ ದನಿಯಲ್ಲಿ ಅಧಿಕಾರದ ಛಾಯೆ ಇದ್ದರಂತೂ, ಎಲ್ಲ ಪ್ರಶ್ನೆಗೂ ಆಕೆಯ ಉತ್ತರ ‘ಹೂಂ’ ಎಂಬುದೊಂದೇ.

ನಮ್ಮ ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರಲ್ಲಿ. ಕರ್ನಾಟಕದಲ್ಲಿ ಅದು ಮೊದಲು ನೆಲೆಯೂರಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ತೂಕ, ಪೌಷ್ಟಿಕಾಹಾರ, ಚುಚ್ಚುಮದ್ದುಗಳಿಗಾಗಿ ಹುಟ್ಟಿದ ಆ ಯೋಜನೆಯ ಅಂಗನವಾಡಿ ಕೇಂದ್ರದಲ್ಲಿ ಮಗುವಿನ ಬೆರಳೂ ನೋಟವೂ ಗಣನೆಗೆ ಬರುವುದಕ್ಕೆ ಬಹುಕಾಲ ಹಿಡಿಯಿತು. ಕಾಯಿದೆಯೂ ಅಷ್ಟೇ ನಿಧಾನವಾಗಿ ನಡೆಯಿತು: 1995ರ ಅಂಗವಿಕಲರ ಕಾಯಿದೆ ಹೆಸರಿಸಿದ ಏಳು ವೈಕಲ್ಯಗಳಲ್ಲಿ ಸ್ವಲೀನತೆ ಇರಲಿಲ್ಲ; 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಲ್ಲಿ ಹೆಸರು ಬಂತು; 21 ವೈಕಲ್ಯಗಳ ಪಟ್ಟಿಯಲ್ಲಿ ಸ್ಥಾನ ದೊರೆತದ್ದು 2016ರಲ್ಲಿ. ಸಿಕಂದರಾಬಾದಿನ ಬುದ್ಧಿಮಾಂದ್ಯರ ರಾಷ್ಟ್ರೀಯ ಸಂಸ್ಥೆಯ ಮೂಲಕ ಸಿದ್ಧವಾದ 40 ಅಂಶಗಳ ಭಾರತೀಯ ಮಾಪನ ‘ಇಸಾ’ ವೈಕಲ್ಯದ ಪ್ರಮಾಣಪತ್ರಕ್ಕೆ ಆಧಾರವಾಯಿತು. 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಸಂಚಾರಿ ತಂಡಗಳನ್ನು ಅಂಗನವಾಡಿಗೆ ವರ್ಷಕ್ಕೆರಡು ಬಾರಿ ಕಳುಹಿಸಿ, 30 ಬಗೆಯ ತೊಂದರೆಗಳನ್ನು ಪರಿಶೀಲಿಸಬೇಕೆಂದು ವಿಧಿಸಿತು, ಸ್ವಲೀನತೆಯೂ ಅವುಗಳಲ್ಲೊಂದು. ಪಲ್ವಲ್, ಕಾಂಗ್ರಾ, ಢೇಂಕಾನಾಲ್, ಉತ್ತರ ಗೋವ, ಹೈದರಾಬಾದುಗಳ 3,964 ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವು, 2ರಿಂದ 9 ವರ್ಷದ ಸುಮಾರು ಎಂಟು ಮಕ್ಕಳಲ್ಲಿ ಒಂದಕ್ಕೆ ನರವಿಕಾಸದ ಯಾವುದಾದರೊಂದು ತೊಂದರೆ ಉಂಟೆಂದು ತಿಳಿಸಿತು.

ಆದರೆ ಸಂಚಾರಿ ತಂಡದ ವ್ಯಾನಿನಿಂದಿಳಿದ ಅಪರಿಚಿತರು ಹಲ್ಲು, ಕಣ್ಣು, ಚರ್ಮ, ತೂಕಗಳನ್ನೆಲ್ಲ ನೋಡಿ ಮುಗಿಸಬೇಕಾದ ಆ ಅಲ್ಪ ವೇಳೆಯಲ್ಲಿ, ಅವರನ್ನು ಕಂಡೇ ಅಳುವ ಮಗು ಬೆರೆಯುವ ಸ್ವಭಾವದ್ದೋ ಅಲ್ಲವೋ ಎಂದು ನಿರ್ಣಯಿಸುವುದು ದುಷ್ಕರ. ಅದನ್ನು ಬಲ್ಲವಳು ಅಂಗನವಾಡಿಯ ಕಾರ್ಯಕರ್ತೆ. ಹತ್ತು ಮಕ್ಕಳು ಸುತ್ತುಗಟ್ಟಿ ಹಾಡುವಾಗ ಮೂಲೆಯಲ್ಲಿ ತಟ್ಟೆಯನ್ನು ತಿರುಗಿಸುತ್ತ ಕುಳಿತವನು ಯಾರು, ಹೆಸರು ಹಿಡಿದು ಕರೆದರೆ ತಿರುಗದೆ ಉಪ್ಪಿಟ್ಟಿನ ಪಾತ್ರೆಯ ಮುಚ್ಚಳ ತೆಗೆದ ಸದ್ದಿಗೆ ಮಾತ್ರ ತಿರುಗುವವನು ಯಾರು ಎಂಬುದು ಆಕೆಗೆ ಗೊತ್ತು. ಮನೆಯವರಾದರೋ ‘ಗಂಡುಮಕ್ಕಳಿಗೆ ಮಾತು ತಡ, ಅವರಪ್ಪನೂ ಹಾಗೇ ಇದ್ದ’ ಎಂದು ಸಮಾಧಾನ ತಂದುಕೊಂಡು, ನಾಲಿಗೆಗೆ ಬಜೆ ತೇಯ್ದು ಹಚ್ಚಿ, ದೇವರಿಗೆ ಹರಕೆ ಹೊತ್ತು ಕಾಯುತ್ತಾರೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಮಗುವಿನಲ್ಲಿ ಏನೋ ವ್ಯತ್ಯಾಸವಿದೆಯೆಂದು ಕಂಡುದರಿಂದಲೇ ಅವರು ಬಜೆ ತೇಯ್ದದ್ದು.

ಈಚೆಗೆ ದೆಹಲಿಯ ಬಡಕುಟುಂಬಗಳ ಮನೆಗಳಲ್ಲಿ, ತಜ್ಞರಲ್ಲದ ಕಾರ್ಯಕರ್ತರು ಟ್ಯಾಬ್ಲೆಟ್ಟಿನ ಮೇಲೆ ಗುಳ್ಳೆ ಒಡೆಯುವ ಆಟ ಮೊದಲಾದುವನ್ನು ಮಗುವಿನಿಂದ ಆಡಿಸಿ, ಅದರ ಕೈಯ ಚಲನೆಯನ್ನೂ ನೋಟವನ್ನೂ ದಾಖಲಿಸುವ ‘ಸ್ಟಾರ್ಟ್’ ಎಂಬ ಕ್ರಮವನ್ನು ಪ್ರಯೋಗಿಸಿದ್ದಾರೆ. 2001ರಲ್ಲಿ ಕೈಬಿಟ್ಟಿದ್ದ ಕಣ್ಣಾರೆ ನೋಡುವ ಭಾಗ ಹೀಗೆ ಬೇರೊಂದು ರೂಪದಲ್ಲಿ ಮರಳಿದೆ. ಗುರುತಿಸಿದ ಮೇಲೆ ಮಾಡತಕ್ಕದ್ದೇನೆಂಬುದಕ್ಕೂ ಉತ್ತರ ಇಲ್ಲದೆ ಇಲ್ಲ: ಗೋವ ಮತ್ತು ರಾವಲ್ಪಿಂಡಿಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರೇ ತಾಯಂದಿರಿಗೆ ಮಗುವಿನೊಡನೆ ಆಡುವ, ಸ್ಪಂದಿಸುವ ಕ್ರಮವನ್ನು ಕಲಿಸಬಹುದೆಂದು 2016ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ಜಿಲ್ಲಾಕೇಂದ್ರಕ್ಕೆ ಹೋಗಿಬರುವುದೆಂದರೆ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಹೋಗುವ ಕುಟುಂಬಕ್ಕೆ, ಸಂದೇಹವನ್ನು ಮಾತ್ರ ತಿಳಿಸಿ ಚೀಟಿ ಬರೆದುಕೊಡುವುದು ಉಪಕಾರವಾಗಲಾರದು. ಹೋಬಳಿಯ ಸಂತೆಯ ದಿನ ಊರಿನವರು ಹೇಗೂ ಪೇಟೆಗೆ ಬರುತ್ತಾರಾದುದರಿಂದ, ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ದಿನವೇ ವಾಕ್ ಚಿಕಿತ್ಸಕರೊಬ್ಬರು ಕುಳಿತು, ಕಾರ್ಯಕರ್ತೆಯು ಗುರುತಿಸಿದ ಮಕ್ಕಳನ್ನು ಆಕೆಯ ಸಮ್ಮುಖದಲ್ಲಿಯೇ ನೋಡುವ ಏರ್ಪಾಡನ್ನು ಸರ್ಕಾರವು ಮೊದಲು ಮಾಡಬೇಕು.